ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೋರ್ಡ್

ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೋರ್ಡ್ ಎಂಬುದು ಗಣಕಯಂತ್ರದ ಯುಎಸ್‌ಬಿ ಪೋರ್ಟ್‌ಗೂ ಧ್ವನಿ ಉಪಕರಣಗಳಿಗೂ ನಡುವೆ ಸಂಪರ್ಕ ಕಲ್ಪಿಸುವ ಸಣ್ಣ ವಿದ್ಯುನ್ಮಾನ ಫಲಕವಾಗಿದೆ. ಗಣಕದಿಂದ ಬರುವ ಡಿಜಿಟಲ್ ಧ್ವನಿಯನ್ನು ಇದು ಪರಿವರ್ತಕ ಚಿಪ್‌ಗೆ ಒಪ್ಪುವ ರೂಪಕ್ಕೆ ತರುತ್ತದೆ, ಇಲ್ಲವೇ ಹೊರಗಿನ ಧ್ವನಿಯನ್ನು ಗಣಕಕ್ಕೆ ತಲುಪಿಸುತ್ತದೆ. ಕೆಲವು ಫಲಕಗಳು ಎರಡೂ ಕೆಲಸಗಳನ್ನು ಮಾಡುತ್ತವೆ. ಬಹಳಷ್ಟು ಫಲಕಗಳು ಒಂದನ್ನು ಮಾತ್ರ ಮಾಡುತ್ತವೆ. ಪೆಟ್ಟಿಗೆಯಿಲ್ಲದೆ ಬರಿಯ ಫಲಕವಾಗಿ ದೊರೆಯುವುದರಿಂದ ಸ್ವತಃ ಉಪಕರಣಗಳನ್ನು ಕಟ್ಟುವ ಹವ್ಯಾಸಿಗಳು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ಹೆಚ್ಚಾಗಿ ಬಳಸುತ್ತಾರೆ. ಧ್ವನಿವರ್ಧಕ, ಹೆಡ್‌ಫೋನ್ ಆಂಪ್ಲಿಫೈಯರ್, ಮೈಕ್ರೊಫೋನ್ ಜೋಡಣೆ, ಹಳೆಯ ಕ್ಯಾಸೆಟ್‌ಗಳ ಡಿಜಿಟಲೀಕರಣ ಮುಂತಾದವು ಇದರ ಸಾಮಾನ್ಯ ಉಪಯೋಗಗಳು.

ಇಂತಹ ಫಲಕವನ್ನು ಆರಿಸುವಾಗ ಜಾಹೀರಾತಿನಲ್ಲಿ ಎದ್ದುಕಾಣುವ ಬಿಟ್ ಮತ್ತು ಕಿಲೋಹರ್ಟ್ಸ್ ಸಂಖ್ಯೆಗಳಿಗಿಂತ ಮೂರು ಸಂಗತಿಗಳು ಮುಖ್ಯವಾಗುತ್ತವೆ. ಧ್ವನಿ ಯಾವ ದಿಕ್ಕಿನಲ್ಲಿ ಹರಿಯಬೇಕು, ಗಣಕವು ಫಲಕವನ್ನು ಪ್ರತ್ಯೇಕ ಡ್ರೈವರ್ ಇಲ್ಲದೆ ಗುರುತಿಸುತ್ತದೆಯೇ, ಕಾಲವನ್ನು ಅಳೆಯುವ ಗಡಿಯಾರ ಯಾರ ಬಳಿ ಇದೆ ಎಂಬುವೇ ಅವು.

ಹಿನ್ನೆಲೆ

ಯುಎಸ್‌ಬಿಯ ಮೊದಲ ಆವೃತ್ತಿ 1996ರಲ್ಲಿ ಪ್ರಕಟವಾಯಿತು. ಇದನ್ನು ರೂಪಿಸಿದ ಇಂಟೆಲ್ ಸಂಸ್ಥೆಯ ತಂಡದ ಪ್ರಮುಖರಲ್ಲಿ ಭಾರತೀಯ ಮೂಲದ ಅಜಯ್ ಭಟ್ ಒಬ್ಬರು. ಧ್ವನಿ ಉಪಕರಣಗಳಿಗೆಂದೇ ಮೀಸಲಾದ 'ಆಡಿಯೋ ಕ್ಲಾಸ್' ಎಂಬ ನಿಯಮಾವಳಿ 1998ರಲ್ಲಿ ಬಂದಿತು. ಈ ನಿಯಮಾವಳಿಗೆ ಒಳಪಟ್ಟ ಉಪಕರಣಕ್ಕೆ ತಯಾರಕರ ಪ್ರತ್ಯೇಕ ತಂತ್ರಾಂಶ ಬೇಕಾಗುವುದಿಲ್ಲ. ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಮೊದಲೇ ಇರುವ ಡ್ರೈವರ್ ಸಾಕು. ಎರಡನೆಯ ಆವೃತ್ತಿ 2006ರಲ್ಲಿಯೂ ಮೂರನೆಯದು 2016ರಲ್ಲಿಯೂ ಹೊರಬಂದವು.

ಬೆಂಗಳೂರಿನ ಉತ್ತರ ಭಾಗಕ್ಕೆ ವಿದ್ಯುನ್ಮಾನದ ನಂಟು ಇದಕ್ಕಿಂತ ಬಹಳ ಹಿಂದಿನದು. ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ರಕ್ಷಣಾ ಉಪಕರಣಗಳ ಜೊತೆಗೆ ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸುತ್ತಿತ್ತು. ಬಿಇಎಲ್ 187, ಬಿಇಎಲ್ 188 ಎಂಬ ಸಂಖ್ಯೆಗಳು ಮನೆಯಲ್ಲಿ ರೇಡಿಯೋ ಮತ್ತು ಆಂಪ್ಲಿಫೈಯರ್ ಕಟ್ಟುತ್ತಿದ್ದ ಒಂದು ತಲೆಮಾರಿನ ಹವ್ಯಾಸಿಗಳಿಗೆ ಬಾಯಿಪಾಠವಾಗಿದ್ದವು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಅದೇ ಸಂಸ್ಥೆ 2000ದಲ್ಲಿ ಬರ್-ಬ್ರೌನ್ ಎಂಬ ಕಂಪನಿಯನ್ನು ಕೊಂಡಿತು. ಬರ್-ಬ್ರೌನ್ ಹೆಸರಿನೊಡನೆ ಬೆಳೆದು ಬಂದ ಪಿಸಿಎಂ2700 ಮತ್ತು ಪಿಸಿಎಂ2900 ಸರಣಿಯ ಚಿಪ್‌ಗಳು ಹವ್ಯಾಸಿಗಳ ಅಗ್ಗದ ಯುಎಸ್‌ಬಿ ಫಲಕಗಳಲ್ಲಿ ಇಂದಿಗೂ ಕಾಣಸಿಗುತ್ತವೆ.

ಕಾರ್ಯವಿಧಾನ

ಯುಎಸ್‌ಬಿಯಲ್ಲಿ ಧ್ವನಿಯು ನೀರಿನಂತೆ ನಿರಂತರವಾಗಿ ಹರಿಯುವುದಿಲ್ಲ. ಅಂಚೆಯ ಚೀಲಗಳಂತೆ ಕಂತುಕಂತಾಗಿ ಸಾಗುತ್ತದೆ. ಸೆಕೆಂಡಿಗೆ 12 ಮೆಗಾಬಿಟ್ ವೇಗದ 'ಫುಲ್ ಸ್ಪೀಡ್' ಸಂಪರ್ಕದಲ್ಲಿ ಪ್ರತಿ 1 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ ಹೊರಡುತ್ತದೆ. ಸೆಕೆಂಡಿಗೆ 480 ಮೆಗಾಬಿಟ್ ವೇಗದ 'ಹೈ ಸ್ಪೀಡ್' ಸಂಪರ್ಕದಲ್ಲಿ ಈ ಅವಧಿಯು 125 ಮೈಕ್ರೋಸೆಕೆಂಡುಗಳವರೆಗೂ ಇಳಿಯಬಲ್ಲದು. ಕಡತಗಳನ್ನು ನಕಲು ಮಾಡುವಾಗ ಪ್ಯಾಕೆಟ್ ಕೆಟ್ಟರೆ ಗಣಕವು ಅದನ್ನು ಮತ್ತೆ ಕಳುಹಿಸುತ್ತದೆ. ಧ್ವನಿಯ ಸಾಗಣೆಯಲ್ಲಿ ಆ ಸೌಲಭ್ಯವಿಲ್ಲ. ತಡವಾಗಿ ಬಂದ ಧ್ವನಿಯಿಂದ ಪ್ರಯೋಜನವಿಲ್ಲದ ಕಾರಣ ಕಳೆದುಹೋದ ಪ್ಯಾಕೆಟ್ ಕಳೆದೇ ಹೋಗುತ್ತದೆ ಮತ್ತು ಕೇಳುಗರಿಗೆ ಅದು 'ಟಿಕ್' ಎಂಬ ಸದ್ದಾಗಿ ಕೇಳಿಸುತ್ತದೆ. ಸಡಿಲವಾದ ಅಥವಾ ಕಳಪೆ ಕೇಬಲ್ ಬಳಸಿದಾಗ ಈ ದೋಷ ಮೊದಲು ಕಾಣಿಸಿಕೊಳ್ಳುತ್ತದೆ.

ಸಿ.ಡಿ.ಯ ಧ್ವನಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುತ್ತವೆ. ಒಂದು ಮಿಲಿಸೆಕೆಂಡಿಗೆ ಇದು 44.1 ಸ್ಯಾಂಪಲ್ ಆಗುತ್ತದೆ. ಸ್ಯಾಂಪಲನ್ನು ಒಡೆದು ಕಳುಹಿಸಲಾಗದು. ಆದ್ದರಿಂದ ಒಂಬತ್ತು ಪ್ಯಾಕೆಟ್‌ಗಳಲ್ಲಿ 44ರಂತೆಯೂ ಹತ್ತನೆಯದರಲ್ಲಿ 45ರಂತೆಯೂ ತುಂಬಿ ಲೆಕ್ಕವನ್ನು ಸರಿದೂಗಿಸಲಾಗುತ್ತದೆ. ಹೀಗೆ ಏರುಪೇರಾಗಿ ಬಂದುದನ್ನು ಸಮಾನ ಅಂತರದಲ್ಲಿ ಬಿಡಿಸಿ ಪರಿವರ್ತಕಕ್ಕೆ ಕೊಡುವುದೇ ಫಲಕದ ಮುಖ್ಯ ಕೆಲಸ.

ಪರಿವರ್ತಕಕ್ಕೆ ಕೊಡುವ ಸಾಮಾನ್ಯ ವಿಧಾನ ಐ2ಎಸ್. ಫಿಲಿಪ್ಸ್ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಮೂರು ತಂತಿಗಳಿವೆ. ಒಂದು ಬಿಟ್‌ಗಳ ತಾಳ ಹಾಕುತ್ತದೆ. ಇನ್ನೊಂದು ಸದ್ಯದ ಸ್ಯಾಂಪಲ್ ಎಡದ್ದೋ ಬಲದ್ದೋ ಎಂದು ತಿಳಿಸುತ್ತದೆ. ಮೂರನೆಯದು ಧ್ವನಿಯ ಮಾಹಿತಿಯನ್ನು ಹೊತ್ತು ತರುತ್ತದೆ. ಕೆಲವು ಪರಿವರ್ತಕಗಳಿಗೆ 'ಮಾಸ್ಟರ್ ಕ್ಲಾಕ್' ಎಂಬ ನಾಲ್ಕನೆಯ ತಂತಿಯೂ ಅವಶ್ಯಕ. ಪಿಸಿಎಂ5102ಎ ಚಿಪ್‌ನಂತಹವು ಅದನ್ನು ತಾವೇ ಒಳಗೆ ಉತ್ಪಾದಿಸಿಕೊಳ್ಳುತ್ತವೆ. ಫಲಕ ಮತ್ತು ಪರಿವರ್ತಕವನ್ನು ಬೇರೆಬೇರೆಯಾಗಿ ಕೊಳ್ಳುವವರು ಈ ನಾಲ್ಕನೆಯ ತಂತಿಯ ವಿಚಾರವನ್ನು ಮೊದಲೇ ನೋಡಿಕೊಳ್ಳದಿದ್ದರೆ ಎರಡೂ ಸುಸ್ಥಿತಿಯಲ್ಲಿದ್ದರೂ ಧ್ವನಿ ಹೊರಡುವುದಿಲ್ಲ. ಐ2ಎಸ್ ತಂತಿಗಳು ಒಂದೇ ಫಲಕದೊಳಗಿನ ಸಂಪರ್ಕಕ್ಕೆಂದು ರೂಪುಗೊಂಡವು. ಅವನ್ನು ಕೆಲವು ಸೆಂಟಿಮೀಟರ್‌ಗಳಿಗಿಂತ ಉದ್ದವಾಗಿ ಎಳೆಯಬಾರದು. ಸಂಕೇತದ ವೋಲ್ಟೇಜ್ ಬಹುತೇಕ 3.3 ವೋಲ್ಟ್ ಆಗಿರುತ್ತದೆ. 5 ವೋಲ್ಟ್‌ನಲ್ಲಿ ಕೆಲಸ ಮಾಡುವ ಹಳೆಯ ಸರ್ಕ್ಯೂಟ್‌ಗಳಿಗೆ ನೇರವಾಗಿ ಜೋಡಿಸಿದರೆ ಚಿಪ್ ಸುಟ್ಟುಹೋಗಬಹುದು.

ಗಡಿಯಾರ

ಗಣಕದಲ್ಲೊಂದು ಸ್ಫಟಿಕ ಗಡಿಯಾರವಿದೆ, ಫಲಕದಲ್ಲಿ ಮತ್ತೊಂದಿದೆ. ಎರಡು ಗಡಿಯಾರಗಳು ಎಂದಿಗೂ ನಿಖರವಾಗಿ ಸಮವಾಗಿ ನಡೆಯುವುದಿಲ್ಲ. ಆಡಿಯೋ ಕ್ಲಾಸ್ ನಿಯಮಾವಳಿ ಇದಕ್ಕೆ ಮೂರು ಪರಿಹಾರಗಳನ್ನು ಹೇಳುತ್ತದೆ. 'ಸಿಂಕ್ರೋನಸ್' ಪದ್ಧತಿಯಲ್ಲಿ ಫಲಕವು ಗಣಕದ ಮಿಲಿಸೆಕೆಂಡ್ ಸಂಕೇತಕ್ಕೆ ತನ್ನನ್ನು ಬಿಗಿದುಕೊಳ್ಳುತ್ತದೆ. 'ಅಡಾಪ್ಟಿವ್' ಪದ್ಧತಿಯಲ್ಲಿ ಬರುತ್ತಿರುವ ಮಾಹಿತಿಯ ವೇಗವನ್ನು ಗಮನಿಸಿ ತನ್ನ ಗಡಿಯಾರವನ್ನು ಹಿಂದುಮುಂದು ಮಾಡಿಕೊಳ್ಳುತ್ತದೆ. 'ಅಸಿಂಕ್ರೋನಸ್' ಪದ್ಧತಿಯಲ್ಲಿ ಅಧಿಕಾರ ತಿರುಗುಮುರುಗಾಗುತ್ತದೆ: ಫಲಕದ ಗಡಿಯಾರವೇ ಯಜಮಾನ, ಹೆಚ್ಚು ಕಳುಹಿಸು ಅಥವಾ ಕಡಿಮೆ ಕಳುಹಿಸು ಎಂದು ಅದು ಗಣಕಕ್ಕೆ ತಿಳಿಸುತ್ತಿರುತ್ತದೆ. ತಾತ್ವಿಕವಾಗಿ ಮೂರನೆಯದೇ ಉತ್ತಮ.

ಅಸಿಂಕ್ರೋನಸ್ ಫಲಕಗಳಲ್ಲಿ ಎರಡು ಸ್ಫಟಿಕಗಳನ್ನು ಅಕ್ಕಪಕ್ಕದಲ್ಲಿ ಕಾಣಬಹುದು. 22.5792 ಮೆಗಾಹರ್ಟ್ಸ್‌ನ ಸ್ಫಟಿಕವು 44.1 ಕಿಲೋಹರ್ಟ್ಸ್‌ನ 512 ಪಟ್ಟು, 24.576 ಮೆಗಾಹರ್ಟ್ಸ್‌ನದು 48 ಕಿಲೋಹರ್ಟ್ಸ್‌ನ 512 ಪಟ್ಟು. ಸಿ.ಡಿ. ಮೂಲದ ಸಂಗೀತ ಮೊದಲ ಕುಟುಂಬಕ್ಕೂ ಚಲನಚಿತ್ರ ಮತ್ತು ವಿಡಿಯೋ ಧ್ವನಿ ಎರಡನೆಯದಕ್ಕೂ ಸೇರಿರುವುದರಿಂದ ಎರಡೂ ಬೇಕಾಗುತ್ತವೆ. ಒಂದೇ 12 ಮೆಗಾಹರ್ಟ್ಸ್ ಸ್ಫಟಿಕವಿರುವ ಅಗ್ಗದ ಫಲಕವು ಬೇಕಾದ ಆವರ್ತನಗಳನ್ನು ಲೆಕ್ಕ ಹಾಕಿ ಹೊಂದಿಸಿಕೊಳ್ಳುತ್ತದೆ. ಈ ವ್ಯತ್ಯಾಸ ಕಿವಿಗೆ ಎಷ್ಟು ತಿಳಿಯುತ್ತದೆ ಎಂಬ ಬಗ್ಗೆ ವಾದಗಳು ಮುಗಿದಿಲ್ಲ.

ವಾದಕ್ಕೆ ಎಡೆಯಿಲ್ಲದ ತೊಂದರೆ ಬೇರೆಯದು. ಒಂದೇ ಕಾರ್ಯಕ್ರಮವನ್ನು ಎರಡು ಪ್ರತ್ಯೇಕ ಫಲಕಗಳಲ್ಲಿ ಧ್ವನಿಮುದ್ರಿಸಿದರೆ, ಉದಾಹರಣೆಗೆ ಗಾಯಕರ ಮೈಕನ್ನು ಒಂದಕ್ಕೂ ಮೃದಂಗದ ಮೈಕನ್ನು ಇನ್ನೊಂದಕ್ಕೂ ಜೋಡಿಸಿದರೆ, ಎರಡು ಗಡಿಯಾರಗಳ ನಡುವಣ ಅಂತರ ಬೆಳೆಯುತ್ತಾ ಹೋಗುತ್ತದೆ. ಹತ್ತು ಲಕ್ಷದಲ್ಲಿ 50 ಭಾಗದಷ್ಟು ವ್ಯತ್ಯಾಸ ಸಾಧಾರಣ ಸ್ಫಟಿಕಗಳಲ್ಲಿ ಅಸಹಜವಲ್ಲ. ಅಷ್ಟೇ ವ್ಯತ್ಯಾಸವು ಒಂದು ಗಂಟೆಗೆ 0.18 ಸೆಕೆಂಡ್ ಆಗುತ್ತದೆ. ಮೂರು ಗಂಟೆಯ ಕಛೇರಿಯ ಕೊನೆಗೆ ಅರ್ಧ ಸೆಕೆಂಡನ್ನು ದಾಟುತ್ತದೆ. ಪಲ್ಲವಿಯ ವೇಳೆಗೆ ಸರಿಯಾಗಿದ್ದ ತಾಳ ಮಂಗಳದ ವೇಳೆಗೆ ತಪ್ಪಿದಂತೆ ಕೇಳುತ್ತದೆ, ತಪ್ಪು ಮೃದಂಗದವರದಲ್ಲ. ಒಂದಕ್ಕಿಂತ ಹೆಚ್ಚು ಮೈಕ್‌ಗಳ ಅಗತ್ಯವಿರುವ ಯೋಜನೆಗೆ ಎರಡು ಅಗ್ಗದ ಫಲಕಗಳಿಗಿಂತ ಒಂದೇ ಗಡಿಯಾರವುಳ್ಳ ಬಹುಮಾರ್ಗದ ಫಲಕವೇ ಸರಿಯಾದ ಆಯ್ಕೆ.

ಮೊದಲ ಮತ್ತು ಎರಡನೆಯ ಆವೃತ್ತಿಗಳ ಆಯ್ಕೆ

ಆಡಿಯೋ ಕ್ಲಾಸ್‌ನ ಮೊದಲ ಆವೃತ್ತಿಯ ಫಲಕಗಳು ಸಾಮಾನ್ಯವಾಗಿ ಫುಲ್ ಸ್ಪೀಡ್‌ನಲ್ಲಿ ನಡೆಯುತ್ತವೆ. ಅಲ್ಲಿ ಧ್ವನಿಯ ಒಂದು ಪ್ಯಾಕೆಟ್‌ನಲ್ಲಿ ಗರಿಷ್ಠ 1,023 ಬೈಟ್‌ಗಳು ಹಿಡಿಸುತ್ತವೆ. 24 ಬಿಟ್, 96 ಕಿಲೋಹರ್ಟ್ಸ್‌ನ ಎರಡು ಮಾರ್ಗದ ಧ್ವನಿಗೆ ಮಿಲಿಸೆಕೆಂಡಿಗೆ 576 ಬೈಟ್ ಸಾಕು. 192 ಕಿಲೋಹರ್ಟ್ಸ್‌ಗೆ 1,152 ಬೈಟ್ ಬೇಕು. ಆದ್ದರಿಂದಲೇ 192 ಕಿಲೋಹರ್ಟ್ಸ್ ಎಂದು ಹೇಳಿಕೊಳ್ಳುವ ಫಲಕ ಹೈ ಸ್ಪೀಡ್‌ನದೇ ಆಗಿರಬೇಕು. ಎಕ್ಸ್‌ಮಾಸ್ ಸಂಸ್ಥೆಯ ಚಿಪ್‌ಗಳು, ಸಿ-ಮೀಡಿಯಾದ ಸಿಎಂ6631ಎ, ಇಟಲಿಯ ಅಮನೆರೊ ಫಲಕ ಮೊದಲಾದವು ಈ ಬಗೆಯವು.

ಎರಡನೆಯ ಆವೃತ್ತಿಯನ್ನು ಲಿನಕ್ಸ್ ಮತ್ತು ಮ್ಯಾಕ್ ವ್ಯವಸ್ಥೆಗಳು 2010ರ ಸುಮಾರಿಗೇ ಒಪ್ಪಿಕೊಂಡವು. ವಿಂಡೋಸ್‌ನಲ್ಲಿ ಅದಕ್ಕೆ ಸ್ವಂತ ಡ್ರೈವರ್ ಬಂದುದು 2017ರ ವಿಂಡೋಸ್ 10ರ ಪರಿಷ್ಕರಣೆಯಲ್ಲಿ. ಅದಕ್ಕೂ ಹಿಂದಿನ ವಿಂಡೋಸ್ ಇರುವ ಗಣಕಗಳಲ್ಲಿ ತಯಾರಕರ ಡ್ರೈವರ್ ಅನಿವಾರ್ಯ. ಶಾಲೆ, ಗ್ರಂಥಾಲಯ ಮತ್ತು ಮನೆಗಳಲ್ಲಿ ವಿಂಡೋಸ್ 7ರ ಗಣಕಗಳು ಉಳಿದಿರುವುದು ಅಪರೂಪವಲ್ಲ. ಹೆಸರಿಲ್ಲದ ತಯಾರಕರ ಡ್ರೈವರ್‌ಗಾಗಿ ಜಾಲತಾಣಗಳನ್ನು ಹುಡುಕುವುದಕ್ಕಿಂತ ಮೊದಲ ಆವೃತ್ತಿಯ ಸರಳ ಫಲಕವನ್ನು ಕೊಳ್ಳುವುದು ಅಂತಹ ಕಡೆ ಜಾಣತನ.

ಕ್ಯಾಸೆಟ್‌ಗಳ ಡಿಜಿಟಲೀಕರಣ

ಫಲಕದ ಆಯ್ಕೆ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಹಳೆಯ ಕ್ಯಾಸೆಟ್‌ಗಳನ್ನು ಗಣಕಕ್ಕೆ ಇಳಿಸುವಾಗ. ಕನ್ನಡದ ಭಾವಗೀತೆಗಳು ಮನೆಮನೆ ತಲುಪಿದ್ದು ಕ್ಯಾಸೆಟ್‌ಗಳ ಮೂಲಕ. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಸಂಯೋಜಿಸಿದ 'ನಿತ್ಯೋತ್ಸವ' 1978ರಲ್ಲಿ ಬಿಡುಗಡೆಯಾಯಿತು. ಮಾರಾಟಕ್ಕೆ ಬಂದ ಇಂತಹ ಧ್ವನಿಸುರುಳಿಗಳು ಇಂದು ಡಿಜಿಟಲ್ ರೂಪದಲ್ಲಿ ಸಿಗುತ್ತವೆ. ಸಿಗದಿರುವುದು ಮನೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದಿಟ್ಟವು: ಅಜ್ಜಿಯ ಸೋಬಾನೆ ಪದ, ಊರಿನ ತಾಳಮದ್ದಲೆ, ಮದುವೆಮನೆಯ ನಾಗಸ್ವರ, ವಿದೇಶಕ್ಕೆ ಹೋದ ಮಗನಿಗೆ ಪತ್ರದ ಬದಲು ಮಾತನಾಡಿ ಕಳುಹಿಸಿದ ಸುರುಳಿ. ಇವುಗಳಿಗೆ ಎರಡನೆಯ ಪ್ರತಿ ಇರುವುದಿಲ್ಲ. ಅಂಟು ಬಿಟ್ಟ ಅಥವಾ ಬೂಷ್ಟು ಹಿಡಿದ ಸುರುಳಿ ಒಂದು ಬಾರಿ ಸುತ್ತಿದ ಮೇಲೆ ಮತ್ತೊಮ್ಮೆ ಸುತ್ತುವ ಭರವಸೆಯೂ ಇರುವುದಿಲ್ಲ.

ಈ ಕೆಲಸದಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಎರಡು. ಮೊದಲನೆಯದು, ಧ್ವನಿಯನ್ನು ಹೊರಗೆ ಮಾತ್ರ ಕಳುಹಿಸುವ ಫಲಕವನ್ನು ಕೊಳ್ಳುವುದು. ಪಿಸಿಎಂ2704 ಇಂತಹ ಚಿಪ್; ಅದರಲ್ಲಿ ಧ್ವನಿಮುದ್ರಣದ ವ್ಯವಸ್ಥೆಯೇ ಇಲ್ಲ. ನೋಟಕ್ಕೆ ಅದನ್ನೇ ಹೋಲುವ ಪಿಸಿಎಂ2902 ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಎರಡನೆಯ ತಪ್ಪು, ಹೆಬ್ಬೆರಳಿನಷ್ಟು ಗಾತ್ರದ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡನ್ನು ಬಳಸುವುದು. ಸಿಎಂ108 ಚಿಪ್ ಆಧಾರಿತ ಇವುಗಳಲ್ಲಿ ಒಳಬರುವ ಮಾರ್ಗ ಮೈಕ್ರೊಫೋನ್‌ಗೆಂದು ಇರುವಂಥದ್ದು ಮತ್ತು ಒಂದೇ ಚಾನೆಲ್‌ನದು. ಮೈಕ್‌ನ ಸಂಕೇತ ಕೆಲವೇ ಮಿಲಿವೋಲ್ಟ್. ಟೇಪ್ ಡೆಕ್‌ನ ಲೈನ್ ಔಟ್‌ನಿಂದ ಬರುವುದು ಸುಮಾರು 0.3 ವೋಲ್ಟ್ ಅಥವಾ ಹೆಚ್ಚು. ಅದನ್ನು ಮೈಕ್ ಕಿಂಡಿಗೆ ಹಾಕಿದರೆ ಧ್ವನಿ ಒಡೆದು ಹೋಗುತ್ತದೆ, ಸ್ಟೀರಿಯೋದ ಒಂದು ಚಾನೆಲ್ ಇಲ್ಲವಾಗುತ್ತದೆ. ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಸಂಪೂರ್ಣವಾಗಿ ಸರಿಪಡಿಸಲಾರದು. ಆದ್ದರಿಂದ ಮೊದಲು ಬೆಲೆಯಿಲ್ಲದ ಯಾವುದಾದರೂ ಸುರುಳಿಯನ್ನು ಇಳಿಸಿ, ಎರಡು ಚಾನೆಲ್‌ಗಳೂ ಬಂದಿವೆಯೇ, ಅತಿ ಜೋರಾದ ಭಾಗ ಒಡೆಯುತ್ತಿದೆಯೇ ಎಂದು ಕೇಳಿ ನೋಡಿಯೇ ಮನೆಯ ಸುರುಳಿಗೆ ಕೈಹಾಕುವುದು ಕ್ಷೇಮ.

ಸಂಖ್ಯೆಗಳ ಮಟ್ಟಿಗೆ ಇಲ್ಲಿ ದೊಡ್ಡದಕ್ಕೆ ಆಸೆಪಡಬೇಕಾಗಿಲ್ಲ. ಮನೆಯಲ್ಲಿ ಮುದ್ರಿಸಿದ ಸಾಧಾರಣ ಕ್ಯಾಸೆಟ್‌ನಲ್ಲಿ ಧ್ವನಿಗೂ ಹಿನ್ನೆಲೆಯ ಹಿಸ್ ಸದ್ದಿಗೂ ನಡುವಣ ಅಂತರ ಸುಮಾರು 50 ಡೆಸಿಬೆಲ್. 16 ಬಿಟ್‌ನ ಸಾಮರ್ಥ್ಯ 96 ಡೆಸಿಬೆಲ್. 16 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ 90 ನಿಮಿಷದ ಕ್ಯಾಸೆಟ್ ಸುಮಾರು 1 ಗಿಗಾಬೈಟ್ ಆಗುತ್ತದೆ. 24 ಬಿಟ್, 192 ಕಿಲೋಹರ್ಟ್ಸ್‌ನಲ್ಲಿ ಅದೇ ಕ್ಯಾಸೆಟ್ 6 ಗಿಗಾಬೈಟ್ ಮೀರುತ್ತದೆ. ಹೆಚ್ಚಾಗಿ ಉಳಿಯುವುದು ಹಿಸ್ ಸದ್ದಿನ ಸೂಕ್ಷ್ಮ ವಿವರ. ದುಬಾರಿ ಫಲಕಕ್ಕಿಂತ ಟೇಪ್ ಡೆಕ್‌ನ ಹೆಡ್ಡನ್ನು ಶುಚಿಗೊಳಿಸಿ, ಅದರ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿ ಹೆಡ್‌ನ ಓರೆಯನ್ನು ಆಯಾ ಸುರುಳಿಗೆ ಹೊಂದಿಸುವುದರಿಂದ ಹೆಚ್ಚಿನ ಸ್ಪಷ್ಟತೆ ದೊರೆಯುತ್ತದೆ. ಗ್ರಾಮಫೋನ್ ತಟ್ಟೆಗಳಿಗಾದರೆ ನಡುವೆ ಫೋನೋ ಪ್ರಿಆಂಪ್ಲಿಫೈಯರ್ ಬೇಕು.

ವಿದ್ಯುತ್ ಮತ್ತು ಗದ್ದಲ

ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ವರೆಗೆ ಕೊಡಬಲ್ಲದು. ಫಲಕಕ್ಕೂ ಹೆಡ್‌ಫೋನಿಗೂ ಇದು ಧಾರಾಳವಾಗಿ ಸಾಕು, ದೊಡ್ಡ ಧ್ವನಿವರ್ಧಕಕ್ಕೆ ಸಾಲದು. ಗಣಕದ ವಿದ್ಯುತ್ತಿನ ಜೊತೆ ಅದರ ಗದ್ದಲವೂ ಬರುತ್ತದೆ. ಶೋಧಕಗಳಿಲ್ಲದ ಫಲಕಗಳಲ್ಲಿ ಮಿಲಿಸೆಕೆಂಡಿಗೊಂದರಂತೆ ಬರುವ ಪ್ಯಾಕೆಟ್‌ಗಳು 1 ಕಿಲೋಹರ್ಟ್ಸ್‌ನ ಸಣ್ಣ ಸಿಳ್ಳಾಗಿ ಕೇಳುವುದುಂಟು. ಹೈ ಸ್ಪೀಡ್‌ನಲ್ಲಿ ಅದು 8 ಕಿಲೋಹರ್ಟ್ಸ್.

ಟೇಪ್ ಡೆಕ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಗೋಡೆಯ ಪ್ಲಗ್‌ಗೆ ಹಾಕಿದಾಗ ಕೇಳುವ 50 ಅಥವಾ 100 ಹರ್ಟ್ಸ್‌ನ ಗುಂಯ್ ಎಂಬ ಸದ್ದಿಗೆ ಬಹುಪಾಲು ಕಾರಣ ಅರ್ಥ್ ತಂತಿಗಳು ಸುತ್ತಿಬಂದು ಕೂಡಿಕೊಳ್ಳುವುದು. ಲ್ಯಾಪ್‌ಟಾಪ್‌ನ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ನಡೆಸಿದರೆ ಖರ್ಚಿಲ್ಲದೆ ಇದು ನಿಲ್ಲುತ್ತದೆ. ಅರ್ಥ್ ಪಿನ್ನನ್ನೇ ಕಿತ್ತುಹಾಕುವ ಅಭ್ಯಾಸ ಪ್ರಾಣಾಪಾಯಕ್ಕೆ ದಾರಿ, ಅದನ್ನು ಮಾಡಲೇಬಾರದು. ಎಡಿಯುಎಂ3160 ಮತ್ತು ಎಡಿಯುಎಂ4160 ಚಿಪ್‌ಗಳ ಯುಎಸ್‌ಬಿ ಐಸೊಲೇಟರ್‌ಗಳು ಪರಿಣಾಮಕಾರಿ. ಆದರೆ ಅವು 12 ಮೆಗಾಬಿಟ್ ವೇಗಕ್ಕೆ ಸೀಮಿತವಾದ್ದರಿಂದ ಮೊದಲ ಆವೃತ್ತಿಯ ಫಲಕಗಳಿಗೆ ಮಾತ್ರ ಹೊಂದುತ್ತವೆ.

ರೇಡಿಯೋ ಅಲೆಗಳಿಂದಲೂ ತೊಂದರೆಯಾಗಬಹುದು. ಆಕಾಶವಾಣಿಯ 500 ಕಿಲೋವ್ಯಾಟ್ ಶಾರ್ಟ್‌ವೇವ್ ಪ್ರೇಷಕಗಳು ಸ್ಥಾಪನೆಯಾದದ್ದು ಯಲಹಂಕದಲ್ಲಿ. ಅಂತಹ ಪ್ರಬಲ ಪ್ರೇಷಕಗಳ ಆಸುಪಾಸಿನಲ್ಲಿ ಕವಚವಿಲ್ಲದ ಮೈಕ್ ತಂತಿ ಆಂಟೆನಾದಂತೆ ವರ್ತಿಸುತ್ತದೆ. ಆಂಪ್ಲಿಫೈಯರ್‌ನ ಟ್ರಾನ್ಸಿಸ್ಟರ್ ಡಯೋಡ್‌ನ ಕೆಲಸ ಮಾಡಿ ಪ್ರಸಾರವನ್ನೇ ಧ್ವನಿಯಾಗಿ ಇಳಿಸಿಬಿಡಬಹುದು. ಮೊಬೈಲ್ ಫೋನ್ ಹತ್ತಿರವಿದ್ದಾಗ ಕೇಳುವ 'ಟರ್‌ಟರ್' ಸದ್ದಿನ ಮೂಲವೂ ಇದೇ. ಕವಚವಿರುವ ತಂತಿ, ಲೋಹದ ಪೆಟ್ಟಿಗೆ ಮತ್ತು ಫೆರೈಟ್ ಉಂಗುರ ಇದಕ್ಕೆ ಪರಿಹಾರ.

ಬೆಂಗಳೂರಿನಲ್ಲಿ ಲಭ್ಯತೆ

ವಿದ್ಯುನ್ಮಾನ ಬಿಡಿಭಾಗಗಳಿಗೆ ಬೆಂಗಳೂರಿನವರು ಹೋಗುವ ಪೇಟೆ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಯಶವಂತಪುರ, ಜಾಲಹಳ್ಳಿ, ಪೀಣ್ಯದ ಕಡೆಯವರು ಮೆಟ್ರೋದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ನಿಲ್ದಾಣಕ್ಕೆ ಬಂದು ಅಲ್ಲಿಂದ ನಡೆದು ಹೋಗಬಹುದು, ಹೆಬ್ಬಾಳ, ಆರ್.ಟಿ. ನಗರದವರಿಗೆ ಬಸ್ಸೇ ಅನುಕೂಲ. ಅಂಗಡಿಯಲ್ಲಿ 'ಯುಎಸ್‌ಬಿ ಆಡಿಯೋ ಬೋರ್ಡ್' ಎಂದಷ್ಟೇ ಕೇಳಿದರೆ ಪೆನ್‌ಡ್ರೈವ್ ಹಾಕಿ ಹಾಡು ಕೇಳುವ ಎಂಪಿ3 ಫಲಕವನ್ನು ಕೊಡುವ ಸಾಧ್ಯತೆ ಹೆಚ್ಚು. ಅದು ಗಣಕಕ್ಕೆ ಜೋಡಿಸುವಂಥದ್ದಲ್ಲ. ಚಿಪ್‌ನ ಸಂಖ್ಯೆಯನ್ನೇ ಹೇಳಿ ಕೇಳುವುದು ಒಳ್ಳೆಯದು.

ಚಿಪ್‌ನ ಮೇಲಿನ ಬರಹವನ್ನು ಪೂರ್ತಿಯಾಗಿ ನಂಬಲಾಗದು. ಫಲಕವನ್ನು ಲಿನಕ್ಸ್ ಗಣಕಕ್ಕೆ ಚುಚ್ಚಿ 'ಎಲ್ಎಸ್‌ಯುಎಸ್‌ಬಿ' ಎಂಬ ಆದೇಶ ಕೊಟ್ಟರೆ ತಯಾರಕರ ಗುರುತು ಸಂಖ್ಯೆ ಕಾಣಿಸುತ್ತದೆ. 08ಬಿಬಿ ಎಂದಿದ್ದರೆ ಬರ್-ಬ್ರೌನ್ ಮೂಲದ್ದು, 0ಡಿ8ಸಿ ಎಂದಿದ್ದರೆ ಸಿ-ಮೀಡಿಯಾದ್ದು, 20ಬಿ1 ಎಂದಿದ್ದರೆ ಎಕ್ಸ್‌ಮಾಸ್‌ನದು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿಯೂ ಇದನ್ನು ನೋಡಬಹುದು. ಈ ಸಂಖ್ಯೆಯನ್ನೂ ನಕಲು ಮಾಡಲು ಸಾಧ್ಯವಾದರೂ, ಬೇರೆಯೇ ಚಿಪ್ ಹಾಕಿ ಮಾರಿದ ಫಲಕಗಳನ್ನು ಗುರುತಿಸಲು ಇದು ಸುಲಭದ ಮೊದಲ ಪರೀಕ್ಷೆ.

ಬದಲಿ ಮಾರ್ಗಗಳು

ಎಲ್ಲ ಯೋಜನೆಗಳಿಗೂ ಪ್ರತ್ಯೇಕ ಫಲಕ ಬೇಕೆಂದಿಲ್ಲ. ರಾಸ್ಪ್‌ಬೆರಿ ಪೈ ಗಣಕದಲ್ಲಿ ಐ2ಎಸ್ ತಂತಿಗಳು ನೇರವಾಗಿಯೇ ಲಭ್ಯ; ಜಿಪಿಐಒ 18, 19, 20 ಮತ್ತು 21ನೆಯ ಸಂಪರ್ಕಗಳಿಗೆ ಪರಿವರ್ತಕವನ್ನು ಜೋಡಿಸಿದರೆ ಯುಎಸ್‌ಬಿಯ ಗೋಜೇ ಇರುವುದಿಲ್ಲ. ಪ್ರೋಗ್ರಾಂ ಬರೆಯಲು ಇಷ್ಟಪಡುವ ವಿದ್ಯಾರ್ಥಿಗಳು ಟೀನ್ಸಿ 4.1ರಂತಹ ಮೈಕ್ರೋಕಂಟ್ರೋಲರ್ ಫಲಕವನ್ನು ಯುಎಸ್‌ಬಿ ಧ್ವನಿ ಉಪಕರಣವಾಗಿ ಮಾರ್ಪಡಿಸಬಹುದು. ಅದರ ಸಿದ್ಧ ತಂತ್ರಾಂಶ 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ ನಡೆಯುತ್ತದೆ. ಕ್ಯಾಸೆಟ್ ಇಳಿಸುವುದಷ್ಟೇ ಉದ್ದೇಶವಾಗಿದ್ದು ಬೆಸುಗೆಯ ಅಭ್ಯಾಸವಿಲ್ಲದವರಿಗೆ ಪಿಸಿಎಂ2902 ಚಿಪ್ಪನ್ನೇ ಒಳಗೊಂಡು ಪೆಟ್ಟಿಗೆಯೊಡನೆ ಬರುವ ಬೆಹ್ರಿಂಗರ್ ಯುಸಿಎ202 ಮಾದರಿಯ ಸಿದ್ಧ ಉಪಕರಣವೂ ಇದೆ. ಅದರಲ್ಲಿ ಎಡ ಮತ್ತು ಬಲ ಚಾನೆಲ್‌ಗಳಿಗೆ ಆರ್‌ಸಿಎ ಕಿಂಡಿಗಳಿರುವುದರಿಂದ ಟೇಪ್ ಡೆಕ್‌ನ ತಂತಿಗಳನ್ನು ನೇರವಾಗಿ ಜೋಡಿಸಬಹುದು.